ಬಳಚಿನ ಎಣಿಕೆ

ಪ್ರತಿ ಭಾನುವಾರ ಬೆಳಿಗ್ಗೆ ಭಾವಿಕೇರಿಯಿಂದ ಬಿಣಗಾದ ಮನೆಗೆ ಬಳಚು, ಎಂದರೆ ಹೊಳೆಯ ಕೆಸರಿನ ಚಿಪ್ಪುಮೀನು, ಬರುತ್ತಿತ್ತು. ಜಗದೀಶನ ತಮ್ಮ ತಿಮ್ಮುವಿನ ಹೆಂಡತಿ ಬೀರಿ, ಹಿಂದಿನ ದಿನದ ಇಳಿತದಲ್ಲಿ ಹೊಳೆಗೆ ಇಳಿದು ಹೆಕ್ಕಿದ ಚಿಪ್ಪುಗಳನ್ನು ಒದ್ದೆ ಗೋಣಿತುಂಡಿನಲ್ಲಿ ಕಟ್ಟಿ, ಅಂಕೋಲೆ ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಬಿಣಗಾದ ಸ್ಟಾಪಿನಲ್ಲಿ ಜಗದೀಶ ಸ್ಕೂಟರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಿತ್ತಲ ಕಟ್ಟೆಯ ಮೇಲೆ ಅವನ ತಾಯಿ ನಾಗಮ್ಮ ಬೋಗುಣಿ ಇಟ್ಟುಕೊಂಡು ಕಾಯುತ್ತಿದ್ದಳು. ಮಧ್ಯಾಹ್ನ ಬಳಚಿನ ಸುಕ್ಕ, ಕುಚಲಕ್ಕಿ ಅನ್ನ. ಜಗದೀಶನ ಹೆಂಡತಿ ಭಾರತಿ ಮದುವೆಯಾಗಿ ಬಂದ ಇಪ್ಪತ್ತೇಳು ವರ್ಷಗಳಲ್ಲಿ, ಮಳೆಗಾಲ ಬಿಟ್ಟರೆ, ಇದು ತಪ್ಪಿದ್ದು ಕಡಿಮೆ. ಅಂಕಿಗಳನ್ನು ನೋಡುವುದೇ ಅವಳ ಉದ್ಯೋಗ. ಆದರೂ ಆ ಗೋಣಿತುಂಡಿನಲ್ಲಿ ಎಷ್ಟು ಬಳಚು ಇರುತ್ತದೆಂದು ಅವಳು ಒಮ್ಮೆಯೂ ಎಣಿಸಿ ನೋಡಿರಲಿಲ್ಲ.

ಭಾರತಿ ಅಂಕೋಲೆ ಪೇಟೆಯ ಮಾಸ್ತರರ ಮಗಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಹತ್ತೊಂಬತ್ತು ವರ್ಷ ಬೆಳಗಿನ ರೈಲಿಗೆ ಕಾರವಾರದಿಂದ ಮಡಗಾಂವಿಗೆ ಹೋಗಿ, ಹೊಸ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿದ್ದಳು. ಬೇರೆ ಬೇರೆ ಆಸ್ಪತ್ರೆಗಳಿಂದ ಬಂದ ರಕ್ತದೊತ್ತಡ, ಸಕ್ಕರೆ, ತೂಕದ ಅಂಕಿಗಳನ್ನು ತೂಗಿ ನೋಡುವ ಕೆಲಸ. ಯಾವ ಅಂಕಿ ರೋಗಿಯ ಮೈಯಿಂದ ಬಂದದ್ದು, ಯಾವುದು ಯಾರೋ ಕುರ್ಚಿಯಲ್ಲಿ ಕೂತು ಬರೆದದ್ದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಒಂದು ಸಲ ಒಂದು ಆಸ್ಪತ್ರೆಯ ನೂರಾ ಹತ್ತು ರೋಗಿಗಳ ರಕ್ತದೊತ್ತಡದಲ್ಲಿ ಕೊನೆಯ ಅಂಕಿ ಏಳು ಎಲ್ಲಿಯೂ ಬಂದಿರಲಿಲ್ಲ. ವಿಚಾರಿಸಿದಾಗ ಅಲ್ಲಿ ಅರ್ಧದಷ್ಟು ರೋಗಿಗಳೇ ಇರಲಿಲ್ಲ. ಕಚೇರಿ ಹೈದರಾಬಾದಿಗೆ ಹೋದಾಗ ಭಾರತಿ ಹೋಗಲಿಲ್ಲ. ಆಮೇಲೆ ಪರಿಸರ ಅಧ್ಯಯನ ಮಾಡುವ ಸಂಸ್ಥೆಯೊಂದು ಅವಳಿಗೆ ಮನೆಯಿಂದಲೇ ಮಾಡುವ ಕೆಲಸ ಕೊಟ್ಟಿತು. ದೇವಬಾಗದ ಆಮೆಗೂಡುಗಳು, ಕಾಳಿ ನದಿಯ ಹಕ್ಕಿಗಳು. ಈಗ ಭಾವಿಕೇರಿ ಬದಿಯಲ್ಲಿ ಇಳಿತದ ಹೊತ್ತಿಗೆ ಮೇಲೇಳುವ ಹೊಳೆದಿಬ್ಬದ ಬಳಚು.

ಹೊಳೆದಿಬ್ಬದ ಮೇಲೆ ಹಡಗು ದುರಸ್ತಿಯ ಯಾರ್ಡು ಮಾಡಬೇಕೆಂದು ಕಂಪನಿಯೊಂದು ಅರ್ಜಿ ಹಾಕಿತ್ತು. ದಿಬ್ಬದಲ್ಲಿ ಬಳಚು ಇದೆ ಎಂದಾದರೆ ಯಾರ್ಡು ಆಚೆಯ ಬಂಡೆಗಲ್ಲಿನ ಬದಿಗೆ ಹೋಗಬೇಕು. ಇಲ್ಲವೆಂದಾದರೆ ದಿಬ್ಬವನ್ನೇ ಅಗೆದು ತೆಗೆಯುತ್ತಾರೆ. ಊರಿನ ಹನ್ನೆರಡು ಹೆಂಗಸರು ಆರು ತಿಂಗಳು, ಸಂಸ್ಥೆ ಕೊಟ್ಟ ಕಬ್ಬಿಣದ ಚೌಕಟ್ಟನ್ನು ಕೆಸರಿನ ಮೇಲಿಟ್ಟು, ಅದರೊಳಗಿನ ಬಳಚು ಎಣಿಸಿ ಬರೆದಿದ್ದರು. ಅವರಲ್ಲಿ ಬೀರಿ ಒಬ್ಬಳೆಂದು ಭಾರತಿ ಸಂಸ್ಥೆಗೆ ಮೊದಲೇ ತಿಳಿಸಿದ್ದಳು. ಹಾಗಾಗಿ ಹಾಳೆಗಳಲ್ಲಿ ಹೆಸರು ಇರಲಿಲ್ಲ, ಒಂದರಿಂದ ಹನ್ನೆರಡರವರೆಗಿನ ಸಂಖ್ಯೆ ಮಾತ್ರ. ಎಣಿಸಿದವರೊಡನೆ ಲೆಕ್ಕ ಹಾಕುವವರು ಮಾತನಾಡಬಾರದು ಎಂಬುದು ಅವಳು ಮಡಗಾಂವಿನಲ್ಲಿ ಕಲಿತ ಮೊದಲ ಪಾಠ. ಆರು ತಿಂಗಳೂ ಅವಳು ಬೀರಿಯೊಡನೆ ಹೊಳೆಯ ಮಾತು ಎತ್ತಿರಲಿಲ್ಲ.

ಜನವರಿಯ ಕೊನೆಯ ವಾರ. ಜಗದೀಶ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಊಟಕ್ಕೆ ಕೂತಿದ್ದ. ನಾಗಮ್ಮ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಪಕ್ಕದ ಓಣಿಗೆ ಹೋಗಿದ್ದಳು.

"ಒಂದೂ ಬೆಸ ಸಂಖ್ಯೆ ಇಲ್ಲ," ಎಂದಳು ಭಾರತಿ.

ಜಗದೀಶ ಬಂಗಡೆಯ ಮುಳ್ಳು ಬಿಡಿಸುತ್ತಿದ್ದ. "ಎಂತದ್ರಲ್ಲಿ?"

"ಬಳಚಿನ ಹಾಳೆಯಲ್ಲಿ. ನಾಕ್ನೂರ ಎಂಬತ್ತು ಚೌಕ. ಹನ್ನೆರಡು ಅದೆ, ಎಂಟು ಅದೆ, ಮೂವತ್ತಾರು ಅದೆ, ಸೊನ್ನೆ ಅದೆ. ಒಂದು ಕಡೆಗೂ ಏಳಿಲ್ಲ, ಹದಿಮೂರಿಲ್ಲ. ಕೆಸರಲ್ಲಿ ಬಳಚು ಹಾಗೆ ಜೋಡಿಜೋಡಿ ಕೂತಿರ್ತದ್ಯಾ?"

"ಹೌದಾ," ಎಂದ ಜಗದೀಶ.

"ನಿಮ್ಮೂರಲ್ಲಿ ಬಳಚು ಎಣಿಸೂಕೆ ಬೇರೆ ಏನಾದ್ರೂ ಕ್ರಮ ಅದ್ಯಾ?"

ಅವನು ಮುಳ್ಳನ್ನು ತಟ್ಟೆಯ ಅಂಚಿಗಿಟ್ಟ. ಸೌಟು ತೆಗೆದು ತಾನೇ ಸಾರು ಬಡಿಸಿಕೊಂಡ.

"ಎಂತ ಕ್ರಮ? ಎಲ್ಲರ ಹಾಗೇ. ಒಂದು, ಎರಡು, ಮೂರು."

"ಬೀರಿಗೇ ಕೇಳಬಹುದಿತ್ತು. ಕೇಳೂ ಹಾಗಿಲ್ಲ."

"ಕೇಳಬೇಡ ಮತ್ತೆ. ನಿನ್ನ ಕೆಲಸದ ನಿಯಮ ನೀನೇ ಮುರೀತ್ಯಾ?" ಎಂದ. "ಸ್ವಲ್ಪ ಅನ್ನ ಹಾಕು."

ಭಾರತಿ ಅನ್ನ ಹಾಕಿದಳು. ಎರಡು ದಿನ ಕೂತು ಬೇರೆ ಪರೀಕ್ಷೆಗಳನ್ನೂ ಮಾಡಿದಳು. ದಡದಿಂದ ದೂರ ಹೋದಂತೆ ಎಣಿಕೆ ಏರುತ್ತಿತ್ತು, ಮಳೆಗಾಲದ ಸಿಹಿನೀರು ಇಳಿದ ಮೇಲೆ ಮತ್ತಷ್ಟು ಏರುತ್ತಿತ್ತು, ಒಬ್ಬರ ಹಾಳೆ ಇನ್ನೊಬ್ಬರ ಹಾಳೆಗೆ ಹೊಂದುತ್ತಿತ್ತು. ಅದೆಲ್ಲ ಸರಿ ಇತ್ತು. ಆದರೆ ನಾಕ್ನೂರ ಎಂಬತ್ತು ಸಮಸಂಖ್ಯೆಗಳ ಎದುರು ಅದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಸೋಮವಾರ ಎರಡು ಪುಟದ ಟಿಪ್ಪಣಿ ಬರೆದು ಕಳಿಸಿದಳು. ಈ ಅಂಕಿಗಳು ಸ್ಥಳದಲ್ಲಿ ಎಣಿಸಿ ಬರೆದವೆಂದು ನಂಬಲು ಸಾಧ್ಯವಿಲ್ಲ, ವರದಿಯಲ್ಲಿ ಬಳಸಬಾರದು. ಕೆಳಗೆ ಸಹಿ.

ಫೆಬ್ರವರಿ ಎರಡನೆಯ ವಾರ, ಒಂದು ಸಂಜೆ ಐದು ಗಂಟೆಗೆ ಬೀರಿ ಬಂದಳು. ಕೈಯಲ್ಲಿ ಗೋಣಿತುಂಡು ಇರಲಿಲ್ಲ. ಜಗದೀಶ ಅಂಗಳದಲ್ಲಿ ಸ್ಕೂಟರು ತೊಳೆಯುತ್ತಿದ್ದ.

"ಬಾ ಬೀರಿ, ಹೀಂಗೆ ಹೇಳದೆ ಕೇಳದೆ?" ಎಂದ.

ಬೀರಿ ನೇರ ಒಳಗೆ ಬಂದು, ಕೂರದೆ, ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಕ್ಕ, ನಾವು ಕಳ್ಳರಾ?"

ಭಾರತಿ ಗ್ಯಾಸು ಸಣ್ಣ ಮಾಡಿದಳು. "ಏನಾಯ್ತು?"

"ಇವತ್ತು ಪಂಚಾಯ್ತಿ ಹಾಲಿನಲ್ಲಿ ಮೀಟಿಂಗು. ಹನ್ನೆರಡು ಹೆಂಗಸ್ರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರ್ಸಿದ್ರು. ಶಾಲು ಹೊದಿಸ್ತ್ರು ಅಂತ ಮಾಡಿದ್ದೆ ನಾನು. ನಿಮ್ಮ ಸಂಸ್ಥೆಯ ಸಾಹೇಬ ಕನ್ನಡಕ ಹಾಕಂಡು ಓದ್ದ. ಇವರು ಹೊಳೆಗೆ ಇಳೀಲಿಲ್ಲ, ಮನೇಲಿ ಕೂತು ಬರೆದ್ರು ಅಂತ. ಕೆಳಗೆ ಯಾರ ಹೆಸ್ರು ಅಂತ ನಮ್ಮ ಕೇರಿಯ ಪುಟ್ಟು ಕೇಳ್ದ. ನಿನ್ನ ಹೆಸ್ರು ಅಕ್ಕ. ಊರಿಗೆ ಊರೇ ನನ್ನ ಮುಖ ನೋಡ್ತು."

"ಅವರು ಅದನ್ನ ಸಭೇಲಿ ಓದಬಾರದಿತ್ತು."

"ಓದಬಾರದಿತ್ತಾ? ಬರೀಬಹುದಿತ್ತಾ?"

ನಾಗಮ್ಮ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದಳು. "ಎಂತದೇ ಗಲಾಟೆ?"

"ನಿಮ್ಮ ದೊಡ್ಡ ಸೊಸೆ ನಿಮ್ಮ ಸಣ್ಣ ಸೊಸೆಗೆ ಸುಳ್ಳಿ ಅಂತ ಸರ್ಕಾರಕ್ಕೆ ಬರೆದು ಕೊಟ್ಟಿದ್ದಾಳೆ ಅತ್ತೆ. ಆರು ತಿಂಗ್ಳು ಸೊಂಟದ ಮಟ ಕೆಸರಲ್ಲಿ ನಿಂತದ್ದು ನಾನು. ಕಾಲು ನೋಡಿ, ಚಿಪ್ಪು ಕೊಯ್ದದ್ದು ಇನ್ನೂ ಮಾದಿಲ್ಲ."

"ಬೀರಿ, ನಾನು ಯಾರ ಹೆಸರೂ ಬರೀಲಿಲ್ಲ," ಎಂದಳು ಭಾರತಿ. "ನನಗೆ ಹಾಳೆ ಮಾತ್ರ ಬಂದದ್ದು. ಹಾಳೆ ಏನು ಹೇಳ್ತೋ ಅದನ್ನ ಬರೆದೆ."

"ಹಾಳೆ ಎಂತ ಹೇಳ್ತು? ನಂಗೂ ಹೇಳು. ಎಲ್ಲಿ ತಪ್ಪು?"

"ಅದು ಹೇಳೂ ಹಾಗಿಲ್ಲ."

"ಎಂತಕ್ಕೆ?"

ಭಾರತಿ ಒಲೆಯ ಕಡೆ ತಿರುಗಿದಳು. ಸುಳ್ಳು ಹೇಗೆ ಸಿಕ್ಕಿಬಿತ್ತು ಎಂಬುದನ್ನು ಎಂದೂ ಹೊರಗೆ ಹೇಳಬಾರದು. ಹೇಳಿದರೆ ಮುಂದಿನವರು ಕಲಿತುಕೊಳ್ಳುತ್ತಾರೆ. ಇದೂ ಮಡಗಾಂವಿನ ಪಾಠ.

"ಹೇಳಿದ್ರೆ ಮುಂದಿನ ಸಲ ಚೆಂದ ಮಾಡಿ ಸುಳ್ಳು ಬರೀತ್ರು ಅಂತಾ?" ಎಂದಳು ಬೀರಿ.

ಭಾರತಿ ಗ್ಯಾಸು ಆರಿಸಿದಳು. ಬೀರಿ ತಲೆಯಾಡಿಸಿದಳು, ಎರಡು ಸಲ.

"ಸರಿ. ಮಾರ್ಚ್ ಹದಿನೆಂಟಕ್ಕೆ ಅಹವಾಲು ಕೇಳೂ ಸಭೆ ಅದೆ. ನಮ್ಮ ಕಾಗದ ತೆಗೆದು ಹಾಕಿದ್ರು. ಇನ್ನು ಕಂಪನಿಯವ್ರ ಕಾಗದ ಒಂದೇ. ಅದ್ರಲ್ಲಿ ಹೊಳೆದಿಬ್ಬದಲ್ಲಿ ಬಳಚೇ ಇಲ್ಲ ಅಂತ ಅದೆ. ಎಲ್ಲಿಂದ ಬತ್ತಿತ್ತು ಹಂಗಾರೆ ನೀವು ಇಪ್ಪತ್ತು ವರ್ಷ ತಿಂದದ್ದು?"

ಬೀರಿ ಭಾರತಿಗೆ 'ನೀವು' ಎಂದದ್ದು ಅದೇ ಮೊದಲು.

ಜಗದೀಶ ಕೈಯೊರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಿದ್ದ. "ಚಾ ಕುಡ್ಕೊಂಡು ಮಾತಾಡು ಬೀರಿ."

"ಬಾವ, ನೀವಾದ್ರೂ ಹೇಳಿ. ನೀವೂ ಹೊಳೇಲೇ ಹುಟ್ಟಿದವ್ರು. ಮನೇಲಿ ಕೂತು ಬರೆಯೂ ಜನವಾ ನಾವು?"

"ಅದು ಅವಳ ಓದಿನ ವಿಷಯ," ಎಂದ ಜಗದೀಶ. "ನಮಗೆಂತ ತಿಳೀತದೆ?"

ಬೀರಿ ಚಾ ಕುಡಿಯದೆ ಹೋದಳು. ಆರು ಗಂಟೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಹೆದ್ದಾರಿಯ ಬದಿಯಲ್ಲಿ ಲಾರಿಗಳ ಧೂಳಿನಲ್ಲಿ ನಿಂತೇ ಕಾದಳು. ನಾಗಮ್ಮ ಕಿಟಕಿಯಿಂದ ಬಸ್ಸು ಬರುವವರೆಗೂ ನೋಡಿದಳು.

ಆ ಭಾನುವಾರ ಬಳಚು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಜಗದೀಶ ಸಿಗಡಿ ತಂದ, ಮರುವಾರ ಇಸವಾಣ ಮೀನು ತಂದ. ನಾಗಮ್ಮ ಎರಡನ್ನೂ ಮುಟ್ಟದೆ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡಳು.

"ಇಸವಾಣ ಬಿಟ್ಟು ಎಂತಕ್ಕೆ ಗಂಜಿ ಅವ್ವಿ?" ಎಂದ ಜಗದೀಶ.

"ಹಲ್ಲಿಲ್ಲ ನಂಗೆ."

"ಇಸವಾಣಕ್ಕೆ ಹಲ್ಲು ಬೇಕಾ?"

"ನಿನ್ನ ಹೆಂಡತಿಗೆ ಕೇಳು. ಬಾಯೊಳಗೆ ಎಷ್ಟು ಹಲ್ಲದೆ ಅಂತ ಕಾಗದ ನೋಡಿ ಹೇಳ್ತಾಳೆ."

ಭಾರತಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ತಾನು ತಪ್ಪು ಮಾಡಿಲ್ಲವೆಂದು ಅವಳಿಗೆ ಗಟ್ಟಿಯಾಗಿತ್ತು. ಆಸ್ಪತ್ರೆಯವರೂ ಹೀಗೆಯೇ ಕೂಗಾಡಿದ್ದರು. ಅಲ್ಲಿಯ ನರ್ಸೊಬ್ಬಳು ಅತ್ತಿದ್ದಳು ಕೂಡ.

ಫೆಬ್ರವರಿ ಕೊನೆಗೆ ಮಗ ಸುನಿಲ ಪೇಡೆಯ ಪೆಟ್ಟಿಗೆ ಹಿಡಿದುಕೊಂಡು ಬಂದ. ಡಿಪ್ಲೊಮಾ ಮುಗಿಸಿ ಮೂರು ವರ್ಷದಿಂದ ಕಾರವಾರದ ಗ್ಯಾರೇಜೊಂದರಲ್ಲಿ ದುಡಿಯುತ್ತಿದ್ದ. ಈಗ ಯಾರ್ಡಿನ ಕಂಪನಿಯಲ್ಲಿ ಸೂಪರ್‌ವೈಸರ್ ಕೆಲಸ; ಅನುಮತಿ ಸಿಕ್ಕ ತಿಂಗಳಿಗೆ ಸೇರಬೇಕು.

"ಯಾವ ಯಾರ್ಡು?" ಎಂದಳು ಭಾರತಿ.

"ನಮ್ಮ ಭಾವಿಕೇರಿ ಬದೀದೇ ಅಮ್ಮ."

"ಅರ್ಜಿ ಯಾವಾಗ ಹಾಕಿದ್ದೆ?"

"ದೀಪಾವಳಿ ಹೊತ್ತಿಗೆ. ಆಗೂಕೆ ಮೊದಲೇ ನಿಂಗೆ ಹೇಳೂದು ಬೇಡ ಅಂತ ಅಪ್ಪ ಅಂದ್ರು. ನಿಂದು ಅದೇ ಕೆಲಸ ನಡೀತಿತ್ತಲ್ಲ, ತಲೆ ಕೆಡಿಸ್ಕೊಳ್ತೀಯ ಅಂತ."

ಜಗದೀಶ ಪೇಡೆಯೊಂದನ್ನು ಮುರಿದು ಅರ್ಧವನ್ನು ಅವಳ ಬಾಯಿಗೆ ಹಿಡಿದ. "ಒಳ್ಳೇ ಸುದ್ದಿ ಹೊತ್ತಿಗೆ ಮುಖ ಗಂಟು ಹಾಕಬೇಡ. ತಿನ್ನು."

ಅವಳು ತಿಂದಳು. ಈ ಅರ್ಜಿಯ ವಿಷಯವನ್ನೂ ಸಂಸ್ಥೆಗೆ ತಿಳಿಸಬೇಕು ಎಂದುಕೊಂಡಳು. ನಾಗಮ್ಮನಿಗೆ ಪೇಡೆ ಕೊಟ್ಟಾಗ ಅವಳು ಅದನ್ನು ದೇವರ ಗೂಡಿನಲ್ಲಿಟ್ಟು ಮರೆತಳು. ಇರುವೆ ಮುತ್ತಿತು.

ಮಾರ್ಚ್ ಎಂಟು, ಭಾನುವಾರ. ನಾಗಮ್ಮ ಬೆಳಿಗ್ಗೆಯೇ ಮೊಮ್ಮಗನನ್ನು ಎಬ್ಬಿಸಿದಳು.

"ಏ ಸುನಿಲಾ, ಪೇಟೆಗೆ ಹೋಗಿ ಬಳಚು ತಗಂಡು ಬಾ. ನಾಕು ಪಾಲು."

"ಭಾವಿಕೇರಿದೇ ಬೇಕು ಅಂತಿದ್ದೆಯಲ್ಲ ಅಜ್ಜಿ?"

"ಅದು ನಿನ್ನ ಯಾರ್ಡಿನ ಕಂಪನಿಗೆ ಹೋತು. ಇದ್ದದ್ದು ತಾ."

ಸುನಿಲ ತಂದುಕೊಟ್ಟು ಕ್ರಿಕೆಟ್ಟಿಗೆ ಹೋದ. ಜಗದೀಶನಿಗೆ ಬೆಳಗಿನ ಪಾಳಿ. ನಾಗಮ್ಮ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬಳಚಿನ ರಾಶಿಯನ್ನು ಎದುರಿಗೆ ಸುರಿದುಕೊಂಡಳು. ಭಾರತಿ ಪಕ್ಕದಲ್ಲೇ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಆ ಸದ್ದು ಅವಳಿಗೆ ಹಳೆಯದು. ಪ್ರತಿ ಭಾನುವಾರ ಒಳಗಿನಿಂದ ಕೇಳಿದ್ದೇ. ಇವತ್ತು ಎದುರಿಗೇ ನಡೆಯುತ್ತಿದ್ದುದರಿಂದ ನೋಡಿದಳು. ನಾಗಮ್ಮ ಒಂದು ಕೈಯಲ್ಲಿ ಒಂದು, ಇನ್ನೊಂದು ಕೈಯಲ್ಲಿ ಒಂದು ಬಳಚು ಹಿಡಿದು ಒಂದಕ್ಕೊಂದು ಬಡಿಯುತ್ತಿದ್ದಳು. ಟಕ್. ಎರಡನ್ನೂ ಬೋಗುಣಿಗೆ ಹಾಕುತ್ತಿದ್ದಳು. ಟಕ್. ಬೋಗುಣಿಗೆ. ಒಮ್ಮೆ ಸದ್ದು ಬೇರೆಯಾಯಿತು. ಒಂದನ್ನು ತೆಂಗಿನ ಬುಡಕ್ಕೆ ಎಸೆದು, ಕೈಯಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಬಡಿದಳು.

"ಅದನ್ನ ಯಾಕೆ ಎಸೆದ್ರಿ?"

"ಒಳಗೆ ಕೆಸರು. ಸದ್ದು ಕೇಳ್ಲಿಲ್ವಾ? ಒಂದು ಸತ್ತದ್ದು ಬಿದ್ರೆ ಇಡೀ ಪಾತ್ರೆ ಹಾಳು."

ಕೊನೆಗೆ ರಾಶಿಯಲ್ಲಿ ಒಂದು ಬಳಚು ಉಳಿಯಿತು. ನಾಗಮ್ಮ ಅದನ್ನು ಬೋಗುಣಿಗೆ ಹಾಕಲಿಲ್ಲ, ಬುಡಕ್ಕೆ ಎಸೆಯಲೂ ಇಲ್ಲ. ನೀರು ಹಾಕಿದ ತೆಂಗಿನ ಚಿಪ್ಪಿನಲ್ಲಿ ಬೇರೆಯಾಗಿ ಇಟ್ಟಳು.

ಭಾರತಿಯ ಕೈಯಲ್ಲಿ ಒದ್ದೆ ಅಂಗಿ ಹಾಗೇ ನಿಂತಿತು. "ಅದೊಂದು?"

"ಜೊತೆ ಇಲ್ಲದ್ದು."

"ಬೋಗುಣಿಯಿಂದ ಒಂದು ತೆಗೆದು ಬಡಿದು ನೋಡಬಹುದಲ್ಲ?"

"ಹೊಳೇಲಿ ನಿಂತಾಗ ಚೀಲಕ್ಕೆ ಹಾಕಿದ್ದನ್ನ ಯಾರೇ ಮತ್ತೆ ತೆಗೀತ್ರು? ಉಳಿದದ್ದೊಂದನ್ನ ಕೆಸರಿಗೇ ಒತ್ತಿ ಬರೂದು. ನಮ್ಮತ್ತೆ ಹಾಂಗೆ ಮಾಡ್ತಿತ್ತು, ನಾ ಹಾಂಗೇ ಮಾಡ್ತೆ. ಇಲ್ಲಿ ಕೆಸರಿಲ್ಲ, ಅದ್ಕೇ ಚಿಪ್ಪಿನಲ್ಲಿಟ್ಟೆ. ರೂಢಿ."

"ಎಣಿಸೂದು ಹೆಂಗೆ ಮತ್ತೆ?"

"ಜೋಡಿ ಲೆಕ್ಕ. ಒಂದು ಟಕ್ಕಿಗೆ ಎರಡು."

"ಒಂದು ಜಾಗದಲ್ಲಿ ಒಂದೇ ಬಳಚು ಸಿಕ್ಕಿದ್ರೆ?"

"ಅದು ಸಿಕ್ಕಿದ ಹಾಂಗೆ ಅಲ್ಲ."

ಸೊನ್ನೆ, ಎಂದುಕೊಂಡಳು ಭಾರತಿ. ಹಾಳೆಯಲ್ಲಿ ಸೊನ್ನೆ.

"ಬೀರಿಗೂ ಹೀಗೇ?"

"ನಾನೇ ಕಲ್ಸಿದ್ದು ಅವ್ಳಿಗೆ. ಆ ಕೇರಿಯ ಹೆಂಗಸ್ರೆಲ್ಲ ಹಾಂಗೇ."

"ಇವರಿಗೆ ಗೊತ್ತಾ ಇದು? ನಿಮ್ಮ ಮಗನಿಗೆ?"

ನಾಗಮ್ಮ ನಕ್ಕಳು. ಸುಮಾರು ಒಂದು ತಿಂಗಳಲ್ಲಿ ಮೊದಲ ನಗು. "ಜಗ್ಗುಗಾ? ಏಳು ವರ್ಷದವ ಇರೂವಾಗ ಒಂಟಿ ಬಳಚು ಚಡ್ಡಿ ಕಿಸೆಗೆ ಹಾಕಂಡು ಬಂದಿದ್ದ. ಅವನ ಅಜ್ಜಿ ಕಿವಿ ಹಿಂಡಿ ಸಂಜೆ ಹೊತ್ತಿಗೆ ಹೊಳೆಗೆ ವಾಪಸು ಕಳ್ಸಿತ್ತು. ಮರೆಯೂ ಹೊಡೆತವಾ ಅದು?"

ಭಾರತಿ ಅಂಗಿಯನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದಳು. ಹಾಳೆಗಳನ್ನು ತೆರೆದಳು. ಪ್ರತಿ ಚೌಕಕ್ಕೆ ಸರಾಸರಿ ಅರ್ಧ ಬಳಚು ಬಿಟ್ಟುಹೋಗಿತ್ತು. ಹೆಂಗಸರು ಹೊಳೆಯಲ್ಲಿ ಇದ್ದುದಕ್ಕಿಂತ ಕಡಿಮೆ ಬರೆದಿದ್ದರು, ಹೆಚ್ಚಲ್ಲ. ದಡದಿಂದ ದೂರ ಹೋದಂತೆ ಏರುವ ಆ ಎಣಿಕೆಯನ್ನು ಮನೆಯಲ್ಲಿ ಕೂತು ಯಾರೂ ಬರೆಯಲಾರರು. ಅದು ಜನವರಿಯಲ್ಲೂ ಅವಳ ಕಣ್ಣೆದುರು ಇತ್ತು. ಟಿಪ್ಪಣಿಯಲ್ಲಿ ಅದರ ಒಂದು ಸಾಲೂ ಇರಲಿಲ್ಲ.

ಮೂರು ಗಂಟೆಗೆ ಜಗದೀಶ ಬಂದ. ಸುನಿಲನೂ ಊಟಕ್ಕೆ ಕೂತ. ಭಾರತಿ ಬಳಚಿನ ಸುಕ್ಕ ಬಡಿಸಿ, ಎದುರಿಗೆ ನಿಂತಳು.

"ನಾ ಅವತ್ತು ಕೇಳಿದ್ದೆ. ಎಣಿಸೂಕೆ ಬೇರೆ ಕ್ರಮ ಅದ್ಯಾ ಅಂತ."

ಜಗದೀಶನ ಕೈ ತಟ್ಟೆಯ ಮೇಲೆ ನಿಂತಿತು. ಹಿತ್ತಲ ಬಾಗಿಲಲ್ಲಿ ಕೂತಿದ್ದ ತಾಯಿಯ ಕಡೆ ನೋಡಿದ.

"ಅವ್ವಿ ಹೇಳ್ತಾ?"

"ನಿಮಗೆ ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು."

ಸುನಿಲ ಇಬ್ಬರನ್ನೂ ನೋಡಿದ. "ಎಂತ ಗೊತ್ತಿತ್ತು?"

"ಬೀರಿ ಇಲ್ಲೇ ನಿಂತು ನಿಮ್ಮನ್ನೇ ಕೇಳಿದ್ಲು," ಎಂದಳು ಭಾರತಿ. "ಸ್ಕೂಟರು ತೊಳೆದ ಕೈ ಒರೆಸ್ತಾ ನಿಂತಿದ್ರಿ. ನನ್ನ ಓದಿನ ವಿಷಯ ಅಂದ್ರಿ."

"ಮತ್ತೆಂತ ಹೇಳಬೇಕಿತ್ತು?" ಜಗದೀಶನ ದನಿ ಏರಿತು. "ಬರುವ ವರ್ಷ ನನ್ನ ನೌಕರಿ ಮುಗೀತದೆ. ಇವ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡೇ ಇರಬೇಕಾ? ಹತ್ತೊಂಬತ್ತು ವರ್ಷ ನೀ ಕತ್ತಲೆಗೆ ಎದ್ದು ರೈಲು ಹತ್ತಿದೆ. ಇವನಿಗೆ ಜ್ವರ ಬಂದಾಗ ರಜೆ ಹಾಕಿದ್ದು ಯಾರು? ಡಬ್ಬಿ ಕಟ್ಟಿದ್ದು ಯಾರು? ನಾ ಒಂದು ದಿನ ಬೇಡ ಅಂದಿದ್ನಾ? ಒಂದು ಮಾತು ಹೇಳದೇ ಉಳಿದೆ. ಅಷ್ಟೇ."

"ಹೇಳದೇ ಉಳೀಲಿಲ್ಲ. ಒಂದು, ಎರಡು, ಮೂರು ಅಂತ ಎಣಿಸಿ ತೋರಿಸಿದ್ರಿ."

ಜಗದೀಶ ತಟ್ಟೆಯನ್ನು ಆಚೆಗೆ ಸರಿಸಿದ.

"ಅರ್ಜಿ ದೀಪಾವಳಿಗೆ. ನನ್ನ ಹತ್ರ ಹಾಳೆ ಬಂದದ್ದು ಜನವರಿಗೆ. ಸಹಿ ಮಾತ್ರ ನಂದು ಬೇಕಿತ್ತು ನಿಮಗೆ."

"ಬರೆದದ್ದು ನೀನು," ಎಂದ ಅವನು. "ನಾ ನಿನ್ನ ಕೈ ಹಿಡಿದು ಬರೆಸಿದ್ನಾ? ತಮ್ಮನ ಹೆಂಡತಿ ಸುಳ್ಳು ಬರೀತಾಳೆ ಅಂತ ನಂಬಿದ್ದು ಯಾರು?"

ಭಾರತಿ ಸೌಟು ಕೆಳಗಿಟ್ಟಳು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು, ನಿಲ್ಲಿಸಿದಳು.

ಸುನಿಲ ಹಿಂದೆಯೇ ಬಂದ. "ಅಮ್ಮ, ನಂಗೆ ಇದೆಲ್ಲ ಗೊತ್ತಿರಲಿಲ್ಲ. ದೇವರಾಣೆ."

"ನಿನ್ನ ಮೇಲೆ ಸಿಟ್ಟಿಲ್ಲ."

"ತಪ್ಪಾಯ್ತು ಅಂತ ಬರೀತ್ಯಾ?"

"ಬರೀಬೇಕಲ್ಲ."

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ಹದಿನೆಂಟಕ್ಕೆ ಸಭೆ. ಹತ್ತೊಂಬತ್ತಕ್ಕೆ ಬರೆದ್ರೆ ಆಗ್ತಿತ್ತಾ? ಬರೆದ ಹಾಗೂ ಆಗ್ತದೆ."

ಭಾರತಿ ಮಗನ ಮುಖ ನೋಡಿದಳು. ಅವನು ಅದನ್ನು ಕೆಟ್ಟದಾಗಿ ಹೇಳಿರಲಿಲ್ಲ. ಬಸ್ಸಿನ ವೇಳೆ ಕೇಳುವ ಹಾಗೆ ಕೇಳಿದ್ದ.

"ನಿನ್ನ ತಟ್ಟೆ ಆರ್ತದೆ, ಹೋಗು," ಎಂದಳು.

ಅಂದು ಸಂಜೆಯೇ ಬರೆದಳು. 'ಎಣಿಸಿದವರ ಕೆಲಸದ ರೀತಿಯನ್ನು ನಾನು ವಿಚಾರಿಸಲಿಲ್ಲ. ಅಂಕಿಗಳು ನಿಜವಾದವು. ತಪ್ಪು ನನ್ನದು.' ಮಗನ ಅರ್ಜಿಯ ವಿಷಯವನ್ನೂ ಸೇರಿಸಿದಳು. ಮಂಗಳವಾರ ಸಂಸ್ಥೆಯಿಂದ ಫೋನು ಬಂತು. ಟಿಪ್ಪಣಿ ಆಗಲೇ ವರದಿಗೆ ಸೇರಿಹೋಗಿದೆ, ಈಗ ಬದಲಿಸಿದರೆ ಸಂಸ್ಥೆಯ ಮರ್ಯಾದೆ ಹೋಗುತ್ತದೆ, ಸಭೆ ಮುಗಿಯಲಿ ಎಂದರು. ಮಗನ ವಿಷಯ ಇಷ್ಟು ತಡವಾಗಿ ಹೇಳಿದ್ದೇಕೆ ಎಂದು ಕೇಳಿದರು. ಇನ್ನು ಮುಂದೆ ಹಾಳೆ ಕಳಿಸುವುದಿಲ್ಲ ಎಂದರು.

ಹದಿನೆಂಟನೆಯ ತಾರೀಕು ಭಾರತಿ ಒಬ್ಬಳೇ ಅಂಕೋಲೆಗೆ ಹೋದಳು. ಸಭೆಯಲ್ಲಿ ಕೈಯೆತ್ತಿ ನಿಂತು, ತನ್ನ ಪತ್ರವನ್ನು ತಾನೇ ಓದಿದಳು. ಜೋಡಿ ಲೆಕ್ಕದ ವಿಷಯ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಂಪನಿಯ ಕಡೆಯವರು ಎದ್ದು, ಜನವರಿಯಲ್ಲಿ ಒಂದು, ಮಾರ್ಚಿನಲ್ಲಿ ಒಂದು ಹೇಳುವ ಇವರ ಯಾವ ಮಾತು ನಂಬಬೇಕು, ಎಣಿಸಿದವರು ಇವರ ಮನೆಯವರೇ ಅಲ್ಲವೇ ಎಂದರು. ಅಧಿಕಾರಿ ಇಬ್ಬರದೂ ಬರೆದುಕೊಂಡು, ತೀರ್ಮಾನ ಮುಂದಕ್ಕೆ ಹಾಕಿ, ಏಪ್ರಿಲ್‌ನಲ್ಲಿ ಮತ್ತೊಮ್ಮೆ ಎಣಿಸಬೇಕು, ತಮ್ಮ ಜನರ ಎದುರಿಗೇ ಎಣಿಸಬೇಕು ಎಂದರು. ಬೀರಿ ಮೂರನೆಯ ಸಾಲಿನಲ್ಲಿದ್ದಳು. ಹೊರಗೆ ಬಂದಾಗ ಭಾರತಿ ಮೆಟ್ಟಿಲ ಬಳಿ ಕಾದಳು. ಬೀರಿ ಇನ್ನೊಂದು ಬಾಗಿಲಿನಿಂದ ಹೋಗಿದ್ದಳು.

ಕಂಪನಿ ಸುನಿಲನ ಕೆಲಸವನ್ನು ತಡೆಹಿಡಿಯಿತು. ಅವನು ತಾಯಿಯೊಡನೆ ಬೇಕಾದಷ್ಟು ಮಾತ್ರ ಮಾತಾಡಿದ. ಊಟ ಹಾಕು, ಅಂಗಿ ಎಲ್ಲಿ, ಬರ್ತೆ. ಜಗದೀಶ ತನ್ನ ತಟ್ಟೆಯನ್ನು ತಾನೇ ತೊಳೆಯತೊಡಗಿದ.

ಏಪ್ರಿಲ್ ಎರಡನೆಯ ವಾರ ನಾಗಮ್ಮ, "ನನ್ನ ಹೊಳೆಬದಿಗೆ ಕರ್ಕಂಡು ಹೋಗು," ಎಂದಳು. ಭಾರತಿ ರಿಕ್ಷಾ ಮಾಡಿಸಿಕೊಂಡು ಹೋದಳು. ಇಳಿತದ ಹೊತ್ತು. ಹೊಳೆದಿಬ್ಬ ಬೆನ್ನು ತೋರಿಸಿಕೊಂಡು ಮಲಗಿತ್ತು. ಹನ್ನೆರಡು ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ಬಗ್ಗಿದ್ದರು. ಒಬ್ಬೊಬ್ಬರ ಹಿಂದೆಯೂ ಗಂಬೂಟು ಹಾಕಿದ ಒಬ್ಬೊಬ್ಬ ಗಂಡಸು ಮೊಬೈಲು ಹಿಡಿದು ವಿಡಿಯೋ ತೆಗೆಯುತ್ತಿದ್ದ. ಟಕ್, ಟಕ್ ಎಂಬ ಸದ್ದು ದಡದವರೆಗೂ ಬರುತ್ತಿತ್ತು.

ಬೀರಿ ಹತ್ತಿರದ ಚೌಕದಲ್ಲಿದ್ದಳು. ಕೊನೆಗೆ ಕೈಯಲ್ಲಿ ಒಂದು ಉಳಿಯಿತು. ಕೆಸರಿಗೆ ಒತ್ತಲು ಬಗ್ಗಿದಳು.

"ಏ ಅಮ್ಮಾ, ಹಾಕಬೇಡ!" ಎಂದ ಮೊಬೈಲಿನವನು. "ಅದನ್ನೂ ಲೆಕ್ಕಕ್ಕೆ ಹಿಡೀಬೇಕು. ತೋರಿಸು. ಹತ್ತೊಂಬತ್ತು. ಕಾಣೂ ಹಾಂಗೆ ಹಿಡಿ."

ಬೀರಿ ಒಂಟಿ ಬಳಚನ್ನು ಮೊಬೈಲಿನ ಎದುರು ಹಿಡಿದಳು. ಅವನು ಬರೆದುಕೊಂಡು ಮುಂದಿನ ಚೌಕಕ್ಕೆ ಹೋದ. ಬೀರಿ ದಡಕ್ಕೆ ನಡೆದು ಬಂದಳು. ಅತ್ತೆಯ ಭುಜ ಮುಟ್ಟಿ, "ಬಿಸ್ಲಿಗೆ ಎಂತಕ್ಕೆ ಬಂದ್ರಿ?" ಎಂದಳು. ಆಮೇಲೆ ಭಾರತಿಯ ಕೈ ಹಿಡಿದು, ಅಂಗೈಯಲ್ಲಿ ಕೆಸರು ಮೆತ್ತಿದ ಆ ಬಳಚನ್ನು ಇಟ್ಟಳು.

"ಬೀರಿ, ನಾನು—"

"ಸಭೇಲಿ ಕೇಳ್ದೆ ನೀವು ಓದಿದ್ದು. ಹತ್ತೊಂಬತ್ತು ಅಂತ ಬರೆದಾಯ್ತು ಈಗ, ಅದು ಇನ್ನು ಹೊಳೇದಲ್ಲ, ಕೆಸರಿಗೆ ಒತ್ತೂ ಹಾಗಿಲ್ಲ," ಎಂದಳು. "ನಿಮ್ಮ ಗಂಡನಿಗೆ ಕೊಡಿ."

ಬಾವ ಎನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮತ್ತೆ ಕೆಸರಿಗೆ ಇಳಿದಳು.

ಮೂರು ಗಂಟೆಗೆ ಜಗದೀಶ ಊಟಕ್ಕೆ ಕೂತ. ಭಾರತಿ ಅನ್ನ ಹಾಕಿದಳು, ಸಾರು ಹಾಕಿದಳು. ಆಮೇಲೆ ಸಣ್ಣ ಪಾತ್ರೆಯಿಂದ, ಬೇಯಿಸಿ ಬಾಯಿ ಬಿಟ್ಟ ಬಳಚೊಂದನ್ನು ಚಮಚದಲ್ಲಿ ತೆಗೆದು ಅನ್ನದ ಮೇಲಿಟ್ಟಳು.

"ಎಂತ ಇದು?"

"ಭಾವಿಕೇರಿಯಿಂದ. ಬೀರಿ ಕೊಟ್ಟದ್ದು."

"ಒಂದೇ?"

"ಒಂದೇ."

ಜಗದೀಶ ಕೈ ಹಿಂದೆ ತೆಗೆದುಕೊಂಡ. ತೊಡೆಯ ಮೇಲಿಟ್ಟುಕೊಂಡ. "ತೆಗೀ ಅದನ್ನ," ಎಂದ. ಭಾರತಿ ತೆಗೆಯಲಿಲ್ಲ. ಅವನು ತಾಯಿಯ ಕಡೆ ತಿರುಗಿದ.

"ಅವ್ವಿ, ನೀನಾದ್ರೂ ಹೇಳು."

ನಾಗಮ್ಮ ಬಾಗಿಲ ಬಳಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. "ತಿನ್ನು," ಎಂದಳು. "ಕಿಸೆಗೆ ಹಾಕಂಡು ಬಂದವ ನೀನೇ ಅಲ್ದಾ."

ಭಾರತಿ ಸಾರಿನ ಪಾತ್ರೆಯನ್ನು ಅವನ ಕೈಗೆಟಕುವ ಹಾಗೆ ಸರಿಸಿಟ್ಟಳು. ತನ್ನ ತಟ್ಟೆಗೆ ಅನ್ನ ಹಾಕಿಕೊಂಡು, ಅತ್ತೆಯನ್ನು ದಾಟಿ, ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತು ಉಂಡಳು.